ಕಾಗದ ಕೇಳದೆ ಬಂದ ಅಕ್ಕಿ

ಕೋವಿಡ್ ಲಾಕ್‌ಡೌನ್ ಹೊತ್ತಿಗೆ, 2020ರ ಏಪ್ರಿಲ್ ಒಂದನೇ ತಾರೀಕಿನಿಂದ, ಕೇರಳದ ರೇಷನ್ ಅಂಗಡಿಗಳಲ್ಲಿ ಉಚಿತ ಅಕ್ಕಿ ಕೊಡಲು ಶುರು ಮಾಡಿದರು. ಕಾರ್ಡ್ ನಂಬರಿನ ಕೊನೆಯ ಅಂಕಿ ಸೊನ್ನೆ ಅಥವಾ ಒಂದು ಇದ್ದವರು ಮೊದಲ ದಿನ, ಎರಡು ಅಥವಾ ಮೂರು ಇದ್ದವರು ಮರುದಿನ, ಹೀಗೆ ಐದು ದಿನ. ತೀರ ಬಡವರ ಹಳದಿ ಕಾರ್ಡಿಗೆ 35 ಕಿಲೋ, ಬಡವರ ಪಿಂಕ್ ಕಾರ್ಡಿಗೆ ತಲೆಗೆ 5 ಕಿಲೋ, ಉಳಿದವರ ನೀಲಿ ಮತ್ತು ಬಿಳಿ ಕಾರ್ಡಿಗೆ ಕನಿಷ್ಠ 15 ಕಿಲೋ. ಕಾರ್ಡೇ ಇಲ್ಲದವರು ಆಧಾರ್ ತೋರಿಸಿ, ನಮಗೆ ಕಾರ್ಡ್ ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಸಾಕಿತ್ತು.

ಆ ವರ್ಷ ಮತ್ತು ಅದರ ಮರುವರ್ಷ ಸರ್ಕಾರಗಳು ಮಾಡಿದ ಸಹಾಯಗಳ ಪಟ್ಟಿ ತುಂಬ ಉದ್ದ ಉಂಟು. ಕೇರಳದ್ದು, ಕೇಂದ್ರದ್ದು, ಗಡಿಯ ಆಚೆ ಕರ್ನಾಟಕದ್ದು. ಕೋಟಿ ಲೆಕ್ಕದ ಘೋಷಣೆಗಳು. ಆದರೆ ನಮ್ಮ ವಾರ್ಡಿನ ಮನೆಮನೆಗೆ, ಒಬ್ಬರನ್ನೂ ಬಿಡದೆ ತಲುಪಿದ್ದು ಯಾವುದು ಅಂತ ಕೇಳಿದರೆ ನಾನು ಈ ಅಕ್ಕಿಯನ್ನೇ ಹೇಳುತ್ತೇನೆ. ಯಾಕೆ ಇದು ತಲುಪಿತು, ಬೇರೆಯವು ಯಾಕೆ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡವು ಅಂತ ಬರೆದಿಡಬೇಕು ಅಂತ ತುಂಬ ದಿನದಿಂದ ಅನಿಸುತ್ತಿತ್ತು. ನಾನು ಕರ್ನಾಟಕದ ಗಡಿಗೆ ತಾಗಿದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಅಯಲ್ಕೂಟದ, ಅಂದರೆ ಕೇರಳ ಸರ್ಕಾರದ ಕುಟುಂಬಶ್ರೀ ಯೋಜನೆಯ ನೆರೆಮನೆ ಹೆಂಗಸರ ಗುಂಪಿನ, ಸೆಕ್ರೆಟರಿ. ಯಾರ ಮನೆಯಲ್ಲಿ ಯಾವ ಬಣ್ಣದ ಕಾರ್ಡ್, ಯಾರಿಗೆ ಯಾವ ಪಿಂಚಣಿ, ಯಾರ ತಲೆ ಮೇಲೆ ಎಷ್ಟು ಸಾಲ, ಇದೆಲ್ಲ ನಮ್ಮ ಪುಸ್ತಕದಲ್ಲಿ ಇರುತ್ತದೆ. ಹಾಗಾಗಿ ಬೇಡ ಅಂದರೂ ಕಣ್ಣಿಗೆ ಬೀಳುತ್ತದೆ.

ಹೊರಗಿನವರಿಗೆ ನಮ್ಮ ಜಿಲ್ಲೆಯ ಪರಿಸ್ಥಿತಿ ಸ್ವಲ್ಪ ಹೇಳಬೇಕು. ದೇಶದ ಮೂರನೇ ಕೋವಿಡ್ ರೋಗಿ ಪತ್ತೆಯಾದದ್ದು ಕಾಸರಗೋಡು ಜಿಲ್ಲೆಯಲ್ಲೇ, 2020ರ ಫೆಬ್ರವರಿ 3ರಂದು. ಮಾರ್ಚ್ ಹೊತ್ತಿಗೆ ಟಿವಿಯಲ್ಲಿ ದಿನಾ ನಮ್ಮದೇ ಹೆಸರು. ಕರ್ನಾಟಕ ಗಡಿ ಮುಚ್ಚಿತು. ಗಡಿಯ ತಲಪಾಡಿಯಲ್ಲಿ ಪೊಲೀಸರು ನಿಂತರು. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಆಸ್ಪತ್ರೆಯ ವಿಷಯ ಎಲ್ಲರೂ ಬರೆದರು, ಬರೆಯಲೇಬೇಕಿತ್ತು. ಆದರೆ ಆ ಮಣ್ಣಿನ ರಾಶಿ ತಡೆದದ್ದು ಆಂಬುಲೆನ್ಸ್ ಮಾತ್ರ ಅಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ವರ್ಕಾಡಿ, ಪೈವಳಿಕೆ ಕಡೆಯ ಸಾವಿರಾರು ಮನೆಗಳ ದುಡಿಮೆ ಮಂಗಳೂರಲ್ಲಿ ಉಂಟು. ಬಟ್ಟೆ ಅಂಗಡಿ, ಹೋಟೆಲ್, ಗ್ಯಾರೇಜ್, ಸಲೂನ್, ನರ್ಸಿಂಗ್ ಹೋಮ್, ಬಂದರಿನ ಮೀನು. ಬೆಳಗ್ಗೆ ಬಸ್ಸು ಹತ್ತಿ ಹೋದರೆ ರಾತ್ರಿ ಮನೆಗೆ. ಆ ಬಸ್ಸು ನಿಂತಿತು, ಸಂಬಳವೂ ನಿಂತಿತು.

ಹೆಂಗಸರ ದುಡಿಮೆಯೂ ಆ ಕಡೆಯದ್ದೇ. ನಮ್ಮ ಪಕ್ಕದ ಮನೆಯ ಅಕ್ಕ ಚಿಕ್ಕಂದಿನಿಂದ ಬೀಡಿ ಕಟ್ಟುವವರು. ಎಲೆಯನ್ನು ನೀರಿಗೆ ಹಾಕಿ ಮೆದು ಮಾಡಬೇಕು, ಅಳತೆಯ ತಗಡು ಇಟ್ಟು ಕತ್ತರಿಸಬೇಕು, ಹೊಗೆಸೊಪ್ಪು ಹಾಕಿ ಸುರುಳಿ ಮಾಡಿ, ತುದಿ ಮಡಚಿ, ನೂಲು ಸುತ್ತಬೇಕು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಜಗಲಿಯಲ್ಲಿ ಕೂತರೆ ಮಾತಾಡುತ್ತ ಮಾತಾಡುತ್ತಲೇ ಬೆರಳು ಓಡುತ್ತದೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಎಲೆ ಮತ್ತು ಹೊಗೆಸೊಪ್ಪು ಬರುವುದು ಮಂಗಳೂರಿನ ಕಂಪೆನಿಗಳಿಂದ, ಕಂಟ್ರಾಕ್ಟರ್ ಮೂಲಕ. ಮಾರ್ಚ್ ಕೊನೆಯಲ್ಲಿ ಎಲೆ ಬರುವುದು ನಿಂತಿತು. ಕಟ್ಟಿಟ್ಟ ಬೀಡಿ ಕೊಂಡೊಯ್ಯಲೂ ಯಾರೂ ಇಲ್ಲ. ಅಕ್ಕ ದಿನಾ ಬೆಳಗ್ಗೆ ಖಾಲಿ ತಡ್ಪೆ ಒರೆಸಿ ಗೋಡೆಗೆ ಒರಗಿಸಿ ಇಡುತ್ತಿದ್ದರು. "ಎಂತ ಮಾಡುದು ಮಾರಾಯ್ತಿ, ಕೈ ಸುಮ್ನೆ ಕೂರುದಿಲ್ಲ" ಅನ್ನುತ್ತಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಬೀಡಿ ಕೆಲಸಕ್ಕೆ ಪುಸ್ತಕ ಅಂತ ಉಂಟು. ಪುಸ್ತಕದಲ್ಲಿ ಯಾರ ಹೆಸರು ಇದೆಯೋ ಅವರಿಗೆ ಪಿಎಫ್, ಅವರಿಗೆ ಕ್ಷೇಮನಿಧಿ. ಆದರೆ ಎಷ್ಟೋ ಮನೆಗಳಲ್ಲಿ ಪುಸ್ತಕ ಅತ್ತೆಯದ್ದು, ಕಟ್ಟುವವಳು ಸೊಸೆ. ಅಥವಾ ಅಕ್ಕನ ಪುಸ್ತಕದಲ್ಲಿ ತಂಗಿ ಕಟ್ಟುತ್ತಾಳೆ. ಕೇಂದ್ರ ಸರ್ಕಾರ ಆಗ ಪಿಎಫ್‌ನಿಂದ ಹಣ ತೆಗೆಯಲು ಅನುಮತಿ ಕೊಟ್ಟಿತು: ಖಾತೆಯಲ್ಲಿ ಇದ್ದುದರ ಶೇಕಡ 75 ಅಥವಾ ಮೂರು ತಿಂಗಳ ಸಂಬಳ, ಯಾವುದು ಕಡಿಮೆಯೋ ಅದು. ಅದು ಅವರದೇ ಹಣ, ಮುದಿತನಕ್ಕೆ ಕೂಡಿಟ್ಟದ್ದು. ಅದನ್ನು ತೆಗೆಯುವುದನ್ನೂ ಸಹಾಯದ ಲೆಕ್ಕಕ್ಕೆ ಸೇರಿಸಿದ್ದರ ಬಗ್ಗೆ ನನಗೆ ಇವತ್ತಿಗೂ ಬೇಸರ ಉಂಟು. ಅದಾದರೂ ಪುಸ್ತಕ ಇದ್ದವರಿಗೆ. ಕಟ್ಟುವ ಕೈಗೆ ಪುಸ್ತಕ ಇಲ್ಲದಿದ್ದರೆ ಅದೂ ಇಲ್ಲ.

ಜನಧನ ಖಾತೆಯ ಕಥೆಯೂ ಹೀಗೇ. 2020ರ ಮಾರ್ಚ್ 26ರಂದು ಕೇಂದ್ರ ಘೋಷಿಸಿದ 1.70 ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ್ ಪ್ಯಾಕೇಜಿನಲ್ಲಿ ಜನಧನ ಖಾತೆಯ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ ಇತ್ತು. ಒಳ್ಳೆಯ ಯೋಜನೆ. ಹಣ ನೇರ ಖಾತೆಗೆ ಬಂತು, ಮಧ್ಯೆ ಯಾರೂ ಇಲ್ಲ. ಆದರೆ ನಮ್ಮ ಕಡೆ ಹೆಂಗಸರು ಬ್ಯಾಂಕಿಗೆ ಹೋದದ್ದು ಜನಧನ ಬರುವುದಕ್ಕೂ ಎಷ್ಟೋ ಮೊದಲು. ಅಯಲ್ಕೂಟದ ಉಳಿತಾಯಕ್ಕೆ, ಉದ್ಯೋಗ ಖಾತರಿ ಕೂಲಿಗೆ ಖಾತೆ ತೆರೆದಿದ್ದರು. ಅವು ಸಾಮಾನ್ಯ ಖಾತೆಗಳು. ಒಂದೇ ಬೇಲಿಯ ಎರಡು ಮನೆ, ಎರಡೂ ಮನೆಯಲ್ಲಿ ಅದೇ ಬಡತನ, ಒಬ್ಬಳಿಗೆ 500 ಬಂತು, ಇನ್ನೊಬ್ಬಳಿಗೆ ಇಲ್ಲ. "ನಂಗೆ ಯಾಕೆ ಬರ್ಲಿಲ್ಲ ಟೀಚರೇ?" ಅಂತ ಬ್ಯಾಂಕಿನ ಕಾಗದ ಹಿಡಿದು ನಮ್ಮ ಮನೆಗೆ ಬಂದವರು ತುಂಬ ಜನ. ನಾನು ಟೀಚರ್ ಅಲ್ಲ, ಬರೆಯಲು ಓದಲು ಬರುವವರಿಗೆ ಇಲ್ಲಿ ಹಾಗೆ ಕರೆಯುವುದು ರೂಢಿ. ನಿಮ್ಮದು ಬೇರೆ ಥರದ ಖಾತೆ ಅಕ್ಕಾ, ಅಷ್ಟೇ ಹೇಳಲು ಆಗುತ್ತಿತ್ತು.

ಇನ್ನು ದಿನಸಿ ಸಾಮಾನಿನ ಕಿಟ್. ಏಪ್ರಿಲ್‌ನಲ್ಲಿ ಅಕ್ಕಿಯ ಹಿಂದೆಯೇ ಬಂತು. ಕೇರಳ ಸರ್ಕಾರದ ನಾಗರಿಕ ಪೂರೈಕೆ ನಿಗಮ ಸಪ್ಲೈಕೋ ಪ್ಯಾಕ್ ಮಾಡಿ ರೇಷನ್ ಅಂಗಡಿಗೆ ಕಳಿಸುತ್ತಿತ್ತು. 17 ಸಾಮಾನು, ಸುಮಾರು 1,000 ರೂಪಾಯಿಯ ಬೆಲೆ. ಮೊದಲು ಹಳದಿ ಕಾರ್ಡಿಗೆ, ಆಮೇಲೆ ಪಿಂಕ್, ನೀಲಿ, ಕೊನೆಗೆ ಬಿಳಿ. ಚೀಲ ಬಿಚ್ಚಿ ಜಗಲಿಯಲ್ಲಿ ಒಂದೊಂದೇ ಹರವಿಟ್ಟು ನೋಡುವುದೇ ಮಕ್ಕಳಿಗೆ ಒಂದು ಹಬ್ಬ. ಸಕ್ಕರೆ, ಚಹಾಪುಡಿ, ಉಪ್ಪು, ಹೆಸರುಕಾಳು, ಕಡಲೆ, ಉದ್ದು, ತೊಗರಿಬೇಳೆ, ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ರವೆ, ಗೋಧಿಹಿಟ್ಟು, ಮೆಣಸಿನ ಪುಡಿ, ಕೊತ್ತಂಬರಿ ಪುಡಿ, ಅರಸಿನ, ಸಾಸಿವೆ, ಮೆಂತೆ, ಸಾಬೂನು. ಯಾರು ಈ ಪಟ್ಟಿ ಮಾಡಿದರೋ ಅವರಿಗೆ ಅಡುಗೆಮನೆ ಗೊತ್ತಿತ್ತು. ಸಾಸಿವೆ ಮತ್ತು ಮೆಂತೆ 100 ಗ್ರಾಂ ಹಾಕಿದ್ದಾರೆ ನೋಡಿ. ಅಕ್ಕಿ ಇದ್ದರೆ ಗಂಜಿ ಆಗುತ್ತದೆ ನಿಜ. ಆದರೆ ಒಗ್ಗರಣೆಗೆ ಸಾಸಿವೆ ಇಲ್ಲದೆ, ಕೈ ತೊಳೆಯಲು ಸಾಬೂನು ಇಲ್ಲದೆ ಒಂದು ಮನೆ ಎಷ್ಟು ದಿನ ನಡೆದೀತು? ಗೋಧಿಹಿಟ್ಟು ನಮ್ಮ ಕಡೆಯ ಹಿರಿಯರಿಗೆ ರೂಢಿ ಕಡಿಮೆ, ಅದನ್ನು ಬೆಲ್ಲ ಹಾಕಿ ದೋಸೆ ಹೊಯ್ದರು. ಯಾವುದೂ ಹಾಳಾಗಲಿಲ್ಲ.

ಬಿಳಿ ಕಾರ್ಡಿನವರಿಗೂ ಯಾಕೆ, ತೋಟ ಇದ್ದವರಿಗೂ ಯಾಕೆ ಅಂತ ಆಗ ಕೆಲವರು ಕೇಳಿದರು. ಬೇಡದವರು ಬಿಟ್ಟುಕೊಡಬಹುದು ಅಂತ ಸರ್ಕಾರವೇ ದಾರಿ ಮಾಡಿತ್ತು, ಬಿಟ್ಟುಕೊಟ್ಟವರೂ ಇದ್ದರು. ನನ್ನ ಅಭಿಪ್ರಾಯ ಖಡಾಖಂಡಿತ: ಎಲ್ಲರಿಗೂ ಕೊಟ್ಟದ್ದೇ ಸರಿ. ಮಂಗಳೂರಿನ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್ ಆಗಿದ್ದವನ ಮನೆಗೆ ತಾರಸಿ ಉಂಟು, ಹಾಗಾಗಿ ಬಿಳಿ ಕಾರ್ಡ್. ಮಾರ್ಚ್‌ವರೆಗೆ ಅವನು ನಿಜವಾಗಿಯೂ ಬಡವ ಅಲ್ಲ. ಏಪ್ರಿಲ್‌ನಲ್ಲಿ ಅವನ ಮನೆಯಲ್ಲಿ ಅಕ್ಕಿ ಇಲ್ಲ. ಕಾರ್ಡಿನ ಬಣ್ಣ ಹಳೆಯ ವರ್ಷಗಳ ಲೆಕ್ಕ ಹೇಳುತ್ತದೆ, ರೋಗದ ತಿಂಗಳದ್ದು ಅದಕ್ಕೆ ಗೊತ್ತಿರುವುದಿಲ್ಲ. ಆಗ ಪಟ್ಟಿ ಮಾಡಿ, ಅರ್ಜಿ ತಗೊಂಡು, ವಿಚಾರಣೆ ಮಾಡಿ ಕೊಡುತ್ತೇವೆ ಅಂದಿದ್ದರೆ ಅವನು ಸಾಲಿನಲ್ಲಿ ನಿಲ್ಲಲು ನಾಚಿಕೊಳ್ಳುತ್ತಿದ್ದ. ಎಲ್ಲರೂ ನಿಂತ ಸಾಲು ಆದ್ದರಿಂದ ಅವನೂ ನಿಂತ.

ಪಿಂಚಣಿಯ ಬಗ್ಗೆಯೂ ಒಳ್ಳೆಯದೇ ಹೇಳಬೇಕು. ಕೇರಳದ ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಮಾರ್ಚ್ 19ರಂದು, ಅಂದರೆ ದೇಶ ಲಾಕ್‌ಡೌನ್ ಆಗುವ ಮೊದಲೇ, 20,000 ಕೋಟಿಯ ಪ್ಯಾಕೇಜ್ ಘೋಷಿಸಿದ್ದರು. ಅದರಲ್ಲಿ ದೊಡ್ಡ ಪಾಲು, 14,000 ಕೋಟಿ, ಸರ್ಕಾರ ಕೊಡಬೇಕಿದ್ದ ಹಳೆಯ ಬಾಕಿ ತೀರಿಸುವುದಕ್ಕೆ. ಬಾಕಿ ತೀರಿಸುವುದು ಹೊಸ ಸಹಾಯ ಹೇಗಾಗುತ್ತದೆ ಅಂತ ಕೇಳಿದವರ ಮಾತಿನಲ್ಲಿ ನ್ಯಾಯ ಉಂಟು. ಆದರೆ ಬಾಕಿ ಬಿದ್ದ ಕ್ಷೇಮ ಪಿಂಚಣಿ ಆ ಹೊತ್ತಿಗೆ ಒಟ್ಟಿಗೆ ಕೈಗೆ ಬಂದದ್ದರ ಬೆಲೆ ಮುದುಕರ ಮನೆಯಲ್ಲಿ ಇದ್ದವರಿಗೆ ಗೊತ್ತು. ಸಹಕಾರಿ ಸಂಘದವರು ಮಾಸ್ಕ್ ಹಾಕಿಕೊಂಡು ಮನೆ ಬಾಗಿಲಿಗೆ ಬಂದು ನೋಟು ಎಣಿಸಿ ಕೊಟ್ಟರು. ಮಗ ಮಂಗಳೂರಲ್ಲಿ ಸಿಕ್ಕಿಹಾಕಿಕೊಂಡು, ಸೊಸೆಗೆ ಬೀಡಿ ಕೆಲಸ ಇಲ್ಲದೆ, ಇಡೀ ಮನೆ ಅಜ್ಜಿಯ ಪಿಂಚಣಿಯಲ್ಲಿ ನಡೆದ ಉದಾಹರಣೆ ನಮ್ಮ ವಾರ್ಡಿನಲ್ಲೇ ಉಂಟು. ಯಾವ ಪಿಂಚಣಿಯೂ ಇಲ್ಲದ ಬಡ ಮನೆಗಳಿಗೆ 1,000 ರೂಪಾಯಿ ಬಂತು. ಪಂಚಾಯತ್‌ಗಳ ಸಮುದಾಯ ಅಡುಗೆಮನೆಯಲ್ಲಿ ನಮ್ಮ ಕುಟುಂಬಶ್ರೀಯವರೇ ಸೌಟು ಹಿಡಿದದ್ದು.

ಈಗ ಗಡಿಯ ಆಚೆಗೆ ಬರುತ್ತೇನೆ. 2020ರ ಮೇ 6ರಂದು ಆಗಿನ ಕರ್ನಾಟಕದ ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿಯ ಪ್ಯಾಕೇಜ್ ಘೋಷಿಸಿದರು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಕೇರಳ ಮನೆಯನ್ನು ನೋಡಿ ಕೊಟ್ಟಿತು, ಕರ್ನಾಟಕ ಕಸುಬನ್ನು ನೋಡಿ ಕೊಟ್ಟಿತು. ಎರಡರಲ್ಲೂ ತಪ್ಪಿಲ್ಲ. ತೊಂದರೆ ಆದದ್ದು ಮನೆ ಒಂದು ಕಡೆ, ಕಸುಬು ಇನ್ನೊಂದು ಕಡೆ ಇರುವವರಿಗೆ. ನಮ್ಮ ಪರಿಚಯದ ಒಬ್ಬರು ಮಂಗಳೂರಿನ ಸಲೂನ್ ಒಂದರಲ್ಲಿ ವರ್ಷಗಟ್ಟಲೆ ಕತ್ತರಿ ಹಿಡಿದವರು. ಮುಚ್ಚಿದ್ದು ಕರ್ನಾಟಕದ ಅಂಗಡಿ. ಹಣಕ್ಕೆ ಕರ್ನಾಟಕ ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಅಲ್ಲಿಯ ದಾಖಲೆ ಬೇಕು. ಇವರ ಆಧಾರ್ ಕೇರಳದ್ದು, ರೇಷನ್ ಕಾರ್ಡ್ ಕೇರಳದ್ದು. ಇಲ್ಲಿಯ ಕ್ಷೇಮನಿಧಿಗೆ ಸೇರಿರಲಿಲ್ಲ, ಯಾಕೆಂದರೆ ದುಡಿದದ್ದು ಇಲ್ಲಿ ಅಲ್ಲ. ಅವರ ಕಸುಬು ನಿಂತದ್ದಕ್ಕೆ ಅಂತ ಎರಡೂ ಕಡೆಯಿಂದ ಒಂದು ರೂಪಾಯಿಯೂ ಬರಲಿಲ್ಲ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ಹೊತ್ತಿಗೆ, ಕರ್ನಾಟಕ 1,250 ಕೋಟಿಯ ಇನ್ನೊಂದು ಪ್ಯಾಕೇಜ್ ತಂದಿತು. ಅವರಿಗೆ ಆಗಲೂ ಅದೇ ಪಾಡು. ಅವರ ಮನೆಗೆ ಬಂದದ್ದು ಎಲ್ಲರಿಗೂ ಬಂದ ಅಕ್ಕಿ ಮತ್ತು ಕಿಟ್.

ವ್ಯಾಪಾರಸ್ಥರಿಗೆ ಸಿಕ್ಕಿದ್ದು ಹೆಚ್ಚಾಗಿ ಸಾಲ. 2020ರ ಮೇ ತಿಂಗಳ 20 ಲಕ್ಷ ಕೋಟಿಯ ಆತ್ಮನಿರ್ಭರ ಪ್ಯಾಕೇಜಿನಲ್ಲಿ ಸಣ್ಣ ಉದ್ಯಮಕ್ಕೆ ಅಂತ 3 ಲಕ್ಷ ಕೋಟಿಯ ಸಾಲ ಯೋಜನೆ ಇತ್ತು. ಅಡವು ಬೇಡ, ಗ್ಯಾರಂಟಿ ಸರ್ಕಾರದ್ದು. ಎಷ್ಟು ಸಿಗುತ್ತದೆ? 2020ರ ಫೆಬ್ರವರಿ 29ಕ್ಕೆ ಬ್ಯಾಂಕಿನಲ್ಲಿ ಬಾಕಿ ಇದ್ದ ಸಾಲದ ಶೇಕಡ 20. ದೊಡ್ಡ ಅಂಗಡಿಗಳಿಗೆ, ಕಾರ್ಖಾನೆಗಳಿಗೆ ಇದು ಜೀವ ಉಳಿಸಿದ್ದು ನಿಜ. ಆದರೆ ಬದಿಯಡ್ಕ, ಪೆರ್ಲ, ಉಪ್ಪಳದ ಪೇಟೆಯಲ್ಲಿ ಚಹಾ ಹೋಟೆಲ್ ನಡೆಸುವವರು ಬ್ಯಾಂಕಿನಿಂದ ಸಾಲ ತಂದವರಲ್ಲ. ಚಿಟ್ಟಿ ಎತ್ತಿ, ಹೆಂಡತಿಯ ಚಿನ್ನ ಇಟ್ಟು, ನೆಂಟರ ಹತ್ತಿರ ಕೈಸಾಲ ತಂದು ಒಲೆ ಹಚ್ಚಿದವರು. ಬಾಕಿ ಸಾಲ ಸೊನ್ನೆ ಇದ್ದರೆ ಅದರ ಶೇಕಡ 20ಕ್ಕೂ ಸೊನ್ನೆಯೇ. ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಕೊಡುವ ಪಿಎಂ ಸ್ವನಿಧಿ ಬಂತು, ಅದು ನಗರಗಳ ಬೀದಿಗೆ. ಜಿಲ್ಲೆಯಲ್ಲಿ ಇರುವುದು ಕಾಸರಗೋಡು, ಕಾಞಂಗಾಡ್, ನೀಲೇಶ್ವರ ಎಂಬ ಮೂರು ನಗರಸಭೆ. ಉಪ್ಪಳದ ಪೇಟೆ ನೋಡಿದರೆ ನಗರವೇ, ಆದರೆ ಲೆಕ್ಕದಲ್ಲಿ ಮಂಗಲ್ಪಾಡಿ ಪಂಚಾಯತ್. ಅಲ್ಲಿ ಬುಟ್ಟಿ ಇಟ್ಟು ಮೀನು ಮಾರುವ ಹೆಂಗಸಿಗೆ ಅದು ಅನ್ವಯ ಆಗಲಿಲ್ಲ.

ಮೊರಟೋರಿಯಂ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅದನ್ನು ಸಾಲಮನ್ನಾ ಅಂತ ತಿಳಿದವರೂ ಇದ್ದರು. ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಮೂರು ತಿಂಗಳು ಕಂತು ಕಟ್ಟದಿದ್ದರೂ ನಡೆಯುತ್ತದೆ ಅಂತ ಅವಕಾಶ ಕೊಟ್ಟಿತು, ಆಮೇಲೆ ಆಗಸ್ಟ್ 31ರವರೆಗೆ ಎಳೆಯಿತು. ಒಟ್ಟು ಆರು ತಿಂಗಳು. ಆದರೆ ಬಡ್ಡಿ ನಿಲ್ಲಲಿಲ್ಲ. ಒಬ್ಬ ಪಿಕಪ್ ಮಾಲೀಕನಿಗೆ 3 ಲಕ್ಷ ಸಾಲ ಬಾಕಿ, ಬಡ್ಡಿ ವರ್ಷಕ್ಕೆ ಶೇಕಡ 12 ಅಂತ ಇಟ್ಟುಕೊಳ್ಳಿ. ತಿಂಗಳಿಗೆ 3,000 ಬಡ್ಡಿ, ಆರು ತಿಂಗಳಿಗೆ 18,000. ಬಡ್ಡಿಗೆ ಬಡ್ಡಿ ಸೇರಿದರೆ 18,456. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದು ಅಂತ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆದಾಗ ಕೇಂದ್ರ 2 ಕೋಟಿಯವರೆಗಿನ ಸಾಲಗಳಿಗೆ ಆ ವ್ಯತ್ಯಾಸ ತಾನೇ ಕೊಡುತ್ತೇನೆ ಅಂದಿತು. 2020ರ ನವೆಂಬರ್ ಹೊತ್ತಿಗೆ ಹಣ ಖಾತೆಗೆ ಬಂತು. ಈ ಲೆಕ್ಕದಲ್ಲಿ ಎಷ್ಟು? 456 ರೂಪಾಯಿ. ಉಳಿದ 18,000 ಅವನೇ ಕಟ್ಟಬೇಕು, ಗಾಡಿ ಓಡದೆ ಶೆಡ್ಡಿನಲ್ಲಿ ನಿಂತಿದ್ದ ತಿಂಗಳುಗಳಿಗೆ. 2021ರ ಮಾರ್ಚ್‌ನಲ್ಲಿ ತೀರ್ಪು ಬಂದಾಗಲೂ ಪೂರ್ತಿ ಬಡ್ಡಿ ಮನ್ನಾಕ್ಕೆ ಕೋರ್ಟ್ ಒಪ್ಪಲಿಲ್ಲ. ಬ್ಯಾಂಕಿಗೂ ಠೇವಣಿದಾರರಿಗೆ ಬಡ್ಡಿ ಕೊಡಬೇಕಲ್ವಾ ಅನ್ನುವ ವಾದ ನನಗೆ ಅರ್ಥ ಆಗುತ್ತದೆ. ಹಾಗಾದರೆ ಆ ಭಾರ ಹೊರಬೇಕಾದದ್ದು ಸರ್ಕಾರ. ಪಿಕಪ್ ಮಾಲೀಕ ರಸ್ತೆಗೆ ಇಳಿಯದೆ ಇದ್ದದ್ದು ಸರ್ಕಾರ ಬೇಡ ಅಂದಿದ್ದಕ್ಕೆ.

ನಮ್ಮ ಅಯಲ್ಕೂಟದ ಮೂಲಕ ಬಂದ ಸಹಾಯ ಹಸ್ತ ಸಾಲ ಇದಕ್ಕಿಂತ ಚೆನ್ನಾಗಿತ್ತು. ಸದಸ್ಯೆಗೆ 5,000ದಿಂದ 20,000ದವರೆಗೆ, ಬಡ್ಡಿ ಸರ್ಕಾರದ್ದು, ಮೊದಲ ಆರು ತಿಂಗಳು ಕಂತು ಇಲ್ಲ. ಯಾರಿಗೆ ಎಷ್ಟು ಅಂತ ನಾವೇ ಕೂತು ಮಾತಾಡಿ ಬರೆದೆವು. ನನಗೆ ಜಾಸ್ತಿ ಬೇಡ, ಅವಳಿಗೆ ಕೊಡಿ ಅಂದವರೂ ಇದ್ದರು. ಆ ಹಣ ಎಲ್ಲಿ ಹೋಯಿತು ಅಂದರೆ, ತುಂಬ ಮನೆಗಳಲ್ಲಿ ಮೊಬೈಲಿಗೆ. ಜೂನ್ ಒಂದರಿಂದ ಮಕ್ಕಳ ಕ್ಲಾಸು ಆನ್‌ಲೈನ್ ಆಯಿತು. ಕನ್ನಡ ಮೀಡಿಯಂ ಮಕ್ಕಳ ಪಾಠ ನೋಡಲು ಫೋನ್ ಬೇಕಾಯಿತು. ಹೊಟ್ಟೆಗೆ ಅಂತ ತಂದ ಸಾಲದಲ್ಲಿ ಫೋನ್ ಕೊಂಡರು. ಹೊಟ್ಟೆಗೆ ರೇಷನ್ ಅಕ್ಕಿ ಇದ್ದದ್ದರಿಂದ ಅದು ಸಾಧ್ಯವಾಯಿತು. ಆದರೂ ಅಸಲು ಅಸಲೇ. ಆಮೇಲೆ ಕಂತು ಕಟ್ಟಿದವರು ಅವರೇ.

2021ರ ಮಳೆಗಾಲದಲ್ಲಿ ಅಂಗಡಿಯವರ ತಾಳ್ಮೆ ಮುಗಿದಿತ್ತು. ಟೆಸ್ಟ್ ಪಾಸಿಟಿವ್ ದರ ನೋಡಿ ಪಂಚಾಯತ್‌ಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸಿ ಬಾಗಿಲು ತೆರೆಸುತ್ತಿದ್ದರು. ವ್ಯಾಪಾರಿಗಳು ಪ್ರತಿಭಟನೆ ಮಾಡಿದ ಮೇಲೆ ಜುಲೈ ಕೊನೆಗೆ ಕೇರಳದ ಆಗಿನ ಹಣಕಾಸು ಸಚಿವ ಬಾಲಗೋಪಾಲ್ 5,650 ಕೋಟಿಯ ಪ್ಯಾಕೇಜ್ ತಂದರು. ಸರ್ಕಾರಿ ಕಟ್ಟಡದ ಅಂಗಡಿಗಳಿಗೆ ಡಿಸೆಂಬರ್‌ವರೆಗೆ ಬಾಡಿಗೆ ಇಲ್ಲ. ನಮ್ಮ ಪೇಟೆಗಳಲ್ಲಿ ಹೆಚ್ಚಿನ ಅಂಗಡಿಗಳು ಖಾಸಗಿಯವರ ಕಟ್ಟಡದಲ್ಲಿ ಉಂಟು. ಕೆಲವು ಮಾಲೀಕರು ತಾವಾಗಿ ಬಾಡಿಗೆ ಬಿಟ್ಟರು, ಅವರ ಹೆಸರು ಹೇಳಿ ಹೊಗಳುವ ಆಸೆ ಆಗುತ್ತದೆ. ಕೆಲವರು ಬಿಡಲಿಲ್ಲ.

ಅಡಿಕೆಯವರು ಬೇಗ ಸುಧಾರಿಸಿಕೊಂಡರು. ಮೊದಲ ಲಾಕ್‌ಡೌನಿನಲ್ಲಿ ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಖರೀದಿ ನಿಂತಾಗ ತೋಟದವರು ಕಂಗಾಲಾಗಿದ್ದರು. ಆಮೇಲೆ ಬೆಲೆ ಏರಿತು, ಚೆನ್ನಾಗಿಯೇ ಏರಿತು. ಭೂಮಿ ಇದ್ದವರ ಕೈಯನ್ನು ಮಾರುಕಟ್ಟೆ ಹಿಡಿಯಿತು. ಭೂಮಿ ಇಲ್ಲದವರಿಗೆ ಇದ್ದದ್ದು ಉದ್ಯೋಗ ಖಾತರಿ, ಆ ವರ್ಷ ಕೇರಳದಲ್ಲಿ ದಿನಕ್ಕೆ 291 ರೂಪಾಯಿ.

ಇಷ್ಟೆಲ್ಲ ಬರೆದದ್ದು ಒಂದು ಬೇಡಿಕೆಗಾಗಿ. ಗಡಿ ದಾಟಿ ದುಡಿಯುವವರ ಪಟ್ಟಿ ಮಾಡುವುದು ಕಷ್ಟ ಅಂತ ಅಧಿಕಾರಿಗಳು ಹೇಳುತ್ತಾರೆ. ಆದರೆ ಆ ಪಟ್ಟಿ ಒಮ್ಮೆ ಆಗಿತ್ತು. 2020ರ ಜೂನ್‌ನಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವವರಿಗೆ ಪಾಸ್ ಕೊಟ್ಟರು. ಯಾರು, ಎಲ್ಲಿಯವರು, ಆಚೆ ಎಲ್ಲಿ ಕೆಲಸ ಅನ್ನುವುದೆಲ್ಲ ಆ ಅರ್ಜಿಯಲ್ಲೇ ಬಂದಿತ್ತು. ದಾಟಲು ಬಿಡುವುದಕ್ಕೆ ಸಾಕಾದ ಮಾಹಿತಿ ಸಹಾಯ ಕೊಡುವುದಕ್ಕೂ ಸಾಕು. ಅಕ್ಕಿಯ ವಿಷಯದಲ್ಲಿ ಇಂಥ ಕೆಲಸ ಆಗಿದೆ: ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ 2020ರ ಜನವರಿ 1ರಿಂದಲೇ ಕೇರಳ ಕರ್ನಾಟಕ ಎರಡೂ ಸೇರಿವೆ, ಇಲ್ಲಿಯ ಪಿಂಕ್ ಕಾರ್ಡಿನವರು ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತರಬಹುದು. ಕಸುಬಿನ ಸಹಾಯಕ್ಕೂ ಅಂಥದೇ ಒಪ್ಪಂದ ಎರಡು ರಾಜ್ಯಗಳ ನಡುವೆ ಬೇಕು. ಬೀಡಿ ಕಟ್ಟುವವರು, ಸಲೂನಿನವರು, ಹೋಟೆಲಿನವರು, ಮೀನಿನ ಕೆಲಸದವರು ಎಲ್ಲಿ ದುಡಿಯುತ್ತಾರೋ ಅಲ್ಲಿ ಹೆಸರು ಬರೆಸಲು ಆಗಬೇಕು, ಆಧಾರ್ ಯಾವ ರಾಜ್ಯದ್ದೇ ಇರಲಿ. ಸಾಂಕ್ರಾಮಿಕ ಇಲ್ಲದ ಈ ಹೊತ್ತಿನಲ್ಲೇ ಆಗಬೇಕು. ನಮ್ಮ ಪಂಚಾಯತ್‌ನ ಗ್ರಾಮಸಭೆಯಲ್ಲಿ ಇದನ್ನು ಕನ್ನಡದಲ್ಲೇ ಬರೆದು ಕೊಡುವವಳಿದ್ದೇನೆ. ನಿಮ್ಮ ನಿಮ್ಮ ವಾರ್ಡಿನಲ್ಲಿ ನೀವೂ ಕೊಡಿ.